ಕೂಪನ್ ಡ್ರಾ, ತಂಬೋಲಾ, ಇಸ್ಪೀಟ್ ಕ್ಲಬ್: ಸಂಘಗಳಿಗೆ ಪರವಾನಗಿ ಸಿಗುತ್ತದೆಯೇ?

ಬಸದಿಯ ಜೀರ್ಣೋದ್ಧಾರಕ್ಕೆ ನೂರು ರೂಪಾಯಿಯ ಕೂಪನ್ ಮಾರಿ, ಕೊನೆಯ ದಿನ ಚೀಟಿ ಎತ್ತಿ ಬೈಕ್ ಕೊಡುವುದು. ಮಹಿಳಾ ಮಂಡಳದಲ್ಲಿ ಹಣ ಪಡೆದು ತಂಬೋಲಾ ಆಡಿಸುವುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸಂಘಗಳಲ್ಲಿ ಇಂಥ ಮಾತು ಬಂದಾಗ "ಒಂದು ಪರವಾನಗಿ ತಂದರಾಯಿತು" ಎನ್ನುವವರು ಇದ್ದೇ ಇರುತ್ತಾರೆ. ತಹಶೀಲ್ದಾರ್ ಕಚೇರಿಯಾಗಲಿ, ನಗರಸಭೆಯಾಗಲಿ, ಪೊಲೀಸ್ ಠಾಣೆಯಾಗಲಿ ಕೊಡಬಹುದಾದ ಅಂಥ ಪರವಾನಗಿಯೇ ಇಲ್ಲ.

ಇಂಗ್ಲೆಂಡಿನಲ್ಲಿ ಇದೆ. ಅಲ್ಲಿನ 2005ರ ಜೂಜು ಕಾಯ್ದೆಯ ಪ್ರಕಾರ ಸಣ್ಣ ಸಂಘವೊಂದು ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡು ಲಾಟರಿ ನಡೆಸಬಹುದು. ಬಂದ ಹಣದಲ್ಲಿ ಕನಿಷ್ಠ ಶೇ. 20 ಸದುದ್ದೇಶಕ್ಕೆ ಹೋಗಬೇಕು. ಲೆಸ್ಟರ್‌ನಲ್ಲಿರುವ ಬಂಧುಗಳು ಹೇಳುವುದನ್ನು ಕೇಳಿ ಇಲ್ಲೂ ಹಾಗೇ ಎಂದುಕೊಳ್ಳಬಾರದು.

ಕರ್ನಾಟಕದಲ್ಲಿ 2007ರ ಏಪ್ರಿಲ್ 1ರಿಂದ ಲಾಟರಿ ನಿಷೇಧವಾಗಿದೆ. ಸಾಂಗಲಿ, ಕೊಲ್ಹಾಪುರದ ಬೀಗರು ತಂದ ಮಹಾರಾಷ್ಟ್ರ ಲಾಟರಿ ಟಿಕೆಟನ್ನು ಇಲ್ಲಿ ಮಾರುವಂತಿಲ್ಲ. ಖಾಸಗಿ ಡ್ರಾಗೆ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ. ಚೀಟಿ ಎತ್ತಲು ಕಚೇರಿ ಅಥವಾ ಸ್ಥಳ ಇಟ್ಟವರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಬಹುಮಾನದ ಪ್ರಕಟಣೆ ಹೊರಡಿಸಿದವರಿಗೆ 5,000 ರೂಪಾಯಿವರೆಗೆ ದಂಡ. ಕೂಪನ್ ಮೇಲೆ ಯಾರ ಸಹಿ ಇರುತ್ತದೆ? ಹೆಚ್ಚಾಗಿ ಕಾರ್ಯದರ್ಶಿಯದು. ದೂರು ಬಂದರೆ ಮೊದಲು ಉತ್ತರ ಹೇಳಬೇಕಾದವರೂ ಅವರೇ. ಕೂಪನ್ನಿಗೆ "ದೇಣಿಗೆ ಪಾವತಿ" ಎಂದು ಹೆಸರಿಟ್ಟರೂ, ಹಣ ಕೊಟ್ಟವರ ನಡುವೆ ಅದೃಷ್ಟದಿಂದ ಬಹುಮಾನ ಹೋಗುವವರೆಗೆ ಅದರ ಸ್ವರೂಪ ಬದಲಾಗುವುದಿಲ್ಲ.

ಸವಾಲಿನ ವಿಷಯ ಬೇರೆ. ಪ್ರಥಮ ಕಲಶಾಭಿಷೇಕಕ್ಕೆ ಸವಾಲು ಕೂಗಿದವರು ಕೂಗಿದಷ್ಟು ಕೊಡುತ್ತಾರೆ, ಸೇವೆಯ ಅವಕಾಶ ಪಡೆಯುತ್ತಾರೆ. ಅಲ್ಲಿ ಅದೃಷ್ಟವೂ ಇಲ್ಲ, ಪಣವೂ ಇಲ್ಲ.

ಇಸ್ಪೀಟಿಗೆ ಕರ್ನಾಟಕ ಪೊಲೀಸ್ ಕಾಯ್ದೆ, 1963 ಅನ್ವಯಿಸುತ್ತದೆ. ಜೂಜು ಅಡ್ಡೆ ನಡೆಸುವುದು 79ನೇ ಕಲಂ, ಅಲ್ಲಿ ಆಡುವುದು 80, ಸಾರ್ವಜನಿಕ ಸ್ಥಳದಲ್ಲಿ ಆಡುವುದು 87. ದೀಪಾವಳಿಯಲ್ಲಿ ಕಟ್ಟೆಯ ಮೇಲೆ ಅಂದರ್-ಬಾಹರ್ ಆಡಿ ಸಿಕ್ಕಿಬಿದ್ದವರ ಮೇಲೆ ಬೀಳುವುದು ಸಾಮಾನ್ಯವಾಗಿ ಈ 87. ಕೌಶಲದ ಆಟಕ್ಕೆ 176ನೇ ಕಲಂ ವಿನಾಯಿತಿ ಕೊಡುತ್ತದೆ. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯ ಆಟ ಕೇವಲ ಅದೃಷ್ಟದ್ದು ಎಂದಿತು. ಕ್ಲಬ್ ಎಲೆಗಳ ಬಾಬ್ತು ಅತಿಯಲ್ಲದ ಶುಲ್ಕ ಪಡೆಯುವುದು ತಪ್ಪಲ್ಲ. ಆಟದ ಹಣದಲ್ಲೇ ಲಾಭ ಎತ್ತಿದರೆ ಅದು ಅಡ್ಡೆಯಾಗುತ್ತದೆ. ಹೀಗಾಗಿ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಪಡೆದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದರೆ ರಕ್ಷಣೆ ಸಿಗದು. ಅದು ಸಂಘ ಇದೆ ಎಂಬುದಕ್ಕೆ ಸಾಕ್ಷಿ, ಜೂಜಿಗೆ ಅನುಮತಿಯಲ್ಲ. ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ರಮ್ಮಿಗೆ ಈ ಕೌಶಲದ ವಾದ ಹೊಂದುವುದೂ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲದ ಆಟವನ್ನೂ ಸೇರಿಸಿಯೇ ನಿಷೇಧಿಸಿದೆ.

ಸಪ್ತವ್ಯಸನಗಳಲ್ಲಿ ಮೊದಲನೆಯದು ಜೂಜು ಎಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ನಾವು ಬಸದಿಯ ಹೆಸರಿನಲ್ಲೇ ಡ್ರಾ ಎತ್ತುವುದು ಸರಿ ಕಾಣುವುದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಮಂಡಳದ ಸಂತೋಷಕೂಟವನ್ನು ಬಿಡಬೇಕಾಗಿಲ್ಲ. ತಂಬೋಲಾ ಚೀಟಿಯನ್ನು ಉಚಿತವಾಗಿ ಹಂಚಿ, ಬಹುಮಾನವನ್ನು ದಾನಿಗಳಿಂದ ಪಡೆದರೆ ಪಣದ ಪ್ರಶ್ನೆ ಬರುವುದಿಲ್ಲ. ರಸಪ್ರಶ್ನೆ, ರಂಗೋಲಿ, ಭಜನಾ ಸ್ಪರ್ಧೆಗಳಿಗೆ ಪ್ರವೇಶ ಶುಲ್ಕ ಇಡಬಹುದು. ಅಲ್ಲಿ ಗೆಲ್ಲುವುದು ಜಾಣ್ಮೆ. ಈಗಾಗಲೇ ಕೂಪನ್ ಮಾರಿದ್ದರೆ ಡ್ರಾ ನಿಲ್ಲಿಸಿ, ಕೊಂಡವರ ಪಟ್ಟಿ ಮಾಡಿ ಹಣ ಮರಳಿಸಿ, ಸಭೆಯ ನಡಾವಳಿಯಲ್ಲಿ ಬರೆದಿಡಿ. ಆಮೇಲೆ ನಿಮ್ಮ ಊರಿನ ವಕೀಲರೊಬ್ಬರಿಗೆ ಆ ಕೂಪನ್ ತೋರಿಸಿ.