ಕ್ರೆಮೋನಾದ ಪಿಟೀಲುಗಳು

ಉತ್ತರ ಇಟಲಿಯಲ್ಲಿ ಪೋ ನದಿಯ ತೀರದ ಕ್ರೆಮೋನಾ ಪಟ್ಟಣವು ವಿಸ್ತಾರದಲ್ಲಾಗಲಿ ವೈಭವದಲ್ಲಾಗಲಿ ನೆರೆಯ ಮಿಲಾನಿಗೆ ಸರಿದೊರೆಯಲ್ಲ. ಆದರೂ ಹದಿನಾರನೆಯ ಶತಮಾನದಲ್ಲಿ ಆಂಡ್ರಿಯಾ ಅಮಾಟಿಯೆಂಬ ಶಿಲ್ಪಿಯು ಅಲ್ಲಿ ಪಿಟೀಲಿಗೆ ಕೊಟ್ಟ ಆಕಾರವೇ ಇಂದಿಗೂ ನಿಂತಿರುವುದರಿಂದ, ನಮ್ಮ ವಿದ್ವಾಂಸರು ಎದೆಗೂ ಬಲಪಾದಕ್ಕೂ ನಡುವೆ ಆನಿಸಿಕೊಂಡು ನುಡಿಸುವ ವಾದ್ಯವೂ ಆ ಊರಿನ ಋಣದಿಂದ ಮುಕ್ತವಾದುದಲ್ಲ.

1737ರಲ್ಲಿ ವಯೋವೃದ್ಧನಾದ ಶಿಲ್ಪಿ ಆಂಟೋನಿಯೋ ಸ್ಟ್ರಾಡಿವರಿಯೂ, 1744ರಲ್ಲಿ ಗುವಾರ್ನೇರಿ ದೆಲ್ ಜೆಸೂ ಎಂಬ ಶಿಲ್ಪಿಯೂ ಕಾಲವಾದ ಮೇಲೆ ಪಿಟೀಲು ನಿರ್ಮಾಣದ ಈ ವಿದ್ಯೆ ಅಲ್ಲಿ ಕ್ರಮೇಣ ಕ್ಷೀಣಿಸಿತು. ಸ್ಟ್ರಾಡಿವರಿಯ ಅಚ್ಚುಗಳೂ ನಕ್ಷೆಗಳೂ 1930ರಲ್ಲಿ ಪಿಟೀಲು ಶಿಲ್ಪಿ ಜುಸೆಪ್ಪೆ ಫಿಯೊರಿನಿಯ ದಾನವಾಗಿ ಊರಿಗೆ ಮರಳಿದುವು. 1938ರಲ್ಲಿ ಪಿಟೀಲು ನಿರ್ಮಾಣದ ಶಾಲೆ ಆರಂಭವಾಯಿತು. 2012ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಎಪ್ಪತ್ತಕ್ಕೂ ಮಿಗಿಲಾದ ಮರದ ತುಂಡುಗಳನ್ನು ಒಳಅಚ್ಚಿನ ಸುತ್ತ ಕೈಯಿಂದಲೇ ಜೋಡಿಸುವ ಈ ಕೆಲಸದಲ್ಲಿ ಒಬ್ಬ ಕುಶಲಿಯು ವರ್ಷಕ್ಕೆ ಮೂರರಿಂದ ಆರು ವಾದ್ಯಗಳನ್ನಷ್ಟೇ ಮುಗಿಸಬಲ್ಲನು. ಮೇಲ್ಹಲಗೆಗೆ ಬೇಕಾದುದು ಸ್ಪ್ರೂಸ್ ಮರ: ಆಲ್ಪ್ಸ್ ಪರ್ವತದ ಶೀತಲ ಎತ್ತರಗಳಲ್ಲಿ ಅದು ಅತಿ ನಿಧಾನವಾಗಿ ಬೆಳೆಯುವುದರಿಂದ ಎಳೆಗಳು ಒತ್ತೊತ್ತಾಗಿಯೂ ನೇರವಾಗಿಯೂ ಕೂಡಿ, ಹಗುರತನದೊಡನೆ ಬಿಗಿತವೂ ಅದರಲ್ಲಿ ನೆಲೆಸುತ್ತದೆ. ಹಿಂಬದಿಗೂ ಪಕ್ಕಗಳಿಗೂ ಮೇಪಲ್. ವರ್ಷಾನುಗಟ್ಟಲೆ ಒಣಗಿದ ಹಲಗೆಯ ಹೊರಮೈಯ ಉಬ್ಬನ್ನು ಉಳಿಯಿಂದಲೂ ಬೆರಳುದ್ದದ ಕಿರಿಯ ತೋಪಡಗಳಿಂದಲೂ ಮೊದಲು ರೂಪಿಸಿ, ಅನಂತರ ಒಳಗನ್ನು ಸುಮಾರು 3 ಮಿಲಿಮೀಟರ್ ಉಳಿಯುವಂತೆ ಕೊರೆಯುತ್ತ, ನಡುನಡುವೆ ಹಲಗೆಯನ್ನು ಬೆರಳಿನಿಂದ ತಟ್ಟಿ ಅದರ ದನಿಯನ್ನೂ, ಕೈಯಲ್ಲಿ ಬಾಗಿಸಿ ಅದರ ಬಿಗಿತವನ್ನೂ ಪರೀಕ್ಷಿಸುವುದುಂಟು. ಒಂದು ಮರ ಇನ್ನೊಂದರಂತಿರದ ಕಾರಣ, ಅಳತೆಪಟ್ಟಿಯು ಗುರುವಾದ ಸ್ಟ್ರಾಡಿವರಿಯದೇ ಆದರೂ, ಎಲ್ಲಿ ನಿಲ್ಲಬೇಕೆಂಬುದನ್ನು ಶಿಷ್ಯನ ಕಿವಿಯೇ ನಿರ್ಣಯಿಸಬೇಕು. ಮೆರುಗೆಣ್ಣೆಯಲ್ಲಿ ಮಹಾರಹಸ್ಯ ಅಡಗಿದೆಯೆಂದು ಕಥೆ ಕಟ್ಟುವವರು ಬಹಳ. ಪರೀಕ್ಷೆಯಲ್ಲಿ ದೊರೆತುದು ಎಣ್ಣೆ, ರಾಳ, ವರ್ಣದ್ರವ್ಯಗಳೇ ಆಗಿರಲಾಗಿ, ನನಗಂತೂ ಆ ಕಥೆಗಿಂತ ಈ ಕೊರೆತವೇ ಹೆಚ್ಚು ಅದ್ಭುತವೆನಿಸುತ್ತದೆ.

ಅಂಟಿಗೆ ಚರ್ಮದಿಂದ ಕಾಯಿಸಿದ ಸರೇಸನ್ನೇ ಬಳಸುತ್ತಾರೆ. ತೇವಕ್ಕೂ ಬಿಸಿಗೂ ಅದು ಸಡಿಲುವುದರಿಂದ ವಾದ್ಯವನ್ನು ಒಡೆಯದೆಯೇ ತೆರೆದು ದುರಸ್ತಿ ಮಾಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಸಭಾಂಗಣಗಳು ಹೆಚ್ಚಿನ ನಾದವನ್ನು ಬೇಡಿದಾಗ, ಹಳೆಯ ಕ್ರೆಮೋನಾ ಪಿಟೀಲುಗಳಲ್ಲಿ ಬಹುತೇಕ ಎಲ್ಲವನ್ನೂ ಹೀಗೆ ಬಿಚ್ಚಿ, ಕುತ್ತಿಗೆಯನ್ನು ನೀಳಗೊಳಿಸಿ, ಮಂದ್ರತಂತಿಯ ಅಡಿಯ ಒಳಪಟ್ಟಿಯನ್ನು ಬದಲಿಸಿದರು. ಪಿಟೀಲಿನ ಕುಲದ ದೊಡ್ಡ ವಾದ್ಯಗಳಾದ ಚೆಲ್ಲೋಗಳ ಪಾಲಿಗೆ ಇನ್ನೂ ಕಠಿಣವಾದ ಚಿಕಿತ್ಸೆ ಒದಗಿತು: ಫ್ರಾನ್ಸಿನ ದೊರೆ ಒಂಬತ್ತನೆಯ ಚಾರ್ಲ್ಸನ ಆಸ್ಥಾನದ ಲಾಂಛನಗಳನ್ನು ಮೈಮೇಲೆ ಹೊತ್ತ, ಇಂದು ಉಳಿದಿರುವ ಅತ್ಯಂತ ಪ್ರಾಚೀನ ಚೆಲ್ಲೋಗಳಲ್ಲೊಂದಾದ ಅಮಾಟಿಯ ವಾದ್ಯವನ್ನೇ ಕತ್ತರಿಸಿ ಕಿರಿದುಮಾಡಿದರು, ಬಣ್ಣದ ಚಿತ್ರಗಳು ನಡುವೆ ತುಂಡಾದುದು ಅದರ ಬೆನ್ನಿನ ಮೇಲೆ ಈಗಲೂ ಕಾಣುತ್ತದೆ.