ದಾರಿಯಲ್ಲಿ ತೆರೆದ ಓಲೆ

ಲಕ್ಷ್ಮೀಶನ ‘ಜೈಮಿನಿ ಭಾರತ’ದ ಚಂದ್ರಹಾಸನ ಪ್ರಸಂಗವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಬಲ್ಲರು. ದುಷ್ಟಬುದ್ಧಿಯು ಮಗ ಮದನನಿಗೆ ಬರೆದ ಓಲೆಯನ್ನು ಹೊತ್ತ ಚಂದ್ರಹಾಸ ಉದ್ಯಾನದಲ್ಲಿ ನಿದ್ರೆಹೋಗುತ್ತಾನೆ. ಅಲ್ಲಿಗೆ ಬಂದ ವಿಷಯೆ ಓಲೆಯನ್ನು ತೆರೆದು ಓದಿ, ‘ವಿಷ’ವನ್ನು ‘ವಿಷಯೆ’ಯಾಗಿ ತಿದ್ದಿ, ಮೊದಲಿದ್ದಂತೆಯೇ ಇಡುತ್ತಾಳೆ. ಓಲೆ ತಂದೆಯದೇ ಆದುದರಿಂದ ಮದನನಿಗೆ ಸಂಶಯ ಬರಲಿಲ್ಲ. ಅಲ್ಲಿ ನಡುವೆ ಬಂದವಳು ಜೀವ ಉಳಿಸಿದಳು. ನಮ್ಮ ಮಿಂಚಂಚೆಯ ನಡುವೆ ಬರುವವರೆಲ್ಲರೂ ಹಾಗೆಯೇ ಇರುವರೆಂದು ನಂಬಲು ಆಧಾರವಿಲ್ಲ.

ವಿಶ್ವವಿದ್ಯಾಲಯವೊಂದು ವಿದ್ಯಾರ್ಥಿಗೆ ಮಿಂಚಂಚೆಯ ಖಾತೆ ಕೊಟ್ಟಾಗ ಅದನ್ನು ತೆರೆಯುವ ಅಧಿಕೃತ ಪುಟವನ್ನೂ ಕೊಡುತ್ತದೆ. ಆ ಪುಟ ಮೊಬೈಲಿನಲ್ಲಿ ತೊಡಕಾದಾಗ, ಎಲ್ಲ ಪತ್ರಗಳನ್ನೂ ಅಂದವಾಗಿ ಒಂದೆಡೆ ತೋರಿಸುವ ಹೊರಗಿನ ಉಪಕರಣಗಳತ್ತ ಮನಸ್ಸು ಹೋಗುವುದು ಸಹಜ. ಅವುಗಳಲ್ಲಿ ಕೆಲವನ್ನು ಸಹಪಾಠಿಗಳೇ ಸದುದ್ದೇಶದಿಂದ ರಚಿಸಿರಬಹುದು. ಆದರೆ ಇಲ್ಲಿ ಕೇಳಬೇಕಾದುದು ಉದ್ದೇಶವನ್ನಲ್ಲ, ಕೀಲಿಕೈ ಯಾರ ಬಳಿ ಉಳಿಯುತ್ತದೆ ಎಂಬುದನ್ನು. ಥಂಡರ್‌ಬರ್ಡ್‌ನಂತಹ ತಂತ್ರಾಂಶದಲ್ಲಿ ಪಾಸ್‌ವರ್ಡ್ ನಮ್ಮ ಗಣಕದಲ್ಲೇ ಇದ್ದು, ನೇರವಾಗಿ ವಿಶ್ವವಿದ್ಯಾಲಯದ ಸರ್ವರ್‌ಗೆ ಹೋಗುತ್ತದೆ. ಮಧ್ಯವರ್ತಿ ಜಾಲತಾಣವಾದರೋ ಅದನ್ನು ತನ್ನ ಸರ್ವರ್‌ನಲ್ಲಿಟ್ಟುಕೊಂಡು, ನಮ್ಮ ಹೆಸರಿನಲ್ಲಿ ತಾನೇ ಬಾಗಿಲು ತೆರೆಯುತ್ತದೆ. ಆ ಸರ್ವರ್‌ಗೆ ಕನ್ನ ಬಿದ್ದರೆ ಸದುದ್ದೇಶ ಯಾರನ್ನೂ ಕಾಯದು. 2015ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಹೊರತಂದ ಔಟ್‌ಲುಕ್ ಮೊಬೈಲ್ ಆ್ಯಪ್‌ ಅನ್ನು ಮರುತಿಂಗಳೇ ಯುರೋಪಿಯನ್ ಪಾರ್ಲಿಮೆಂಟ್ ತಡೆದುದು ಪಾಸ್‌ವರ್ಡ್ ಹೀಗೆ ಹೊರಗಿನ ಸರ್ವರ್‌ಗೆ ಹೋಗುತ್ತದೆಂಬ ಕಾರಣಕ್ಕೇ. ಪ್ರಸಿದ್ಧ ಕಂಪನಿಯ ವಿಷಯದಲ್ಲೇ ಇಷ್ಟು ಎಚ್ಚರವಾದರೆ ಹೆಸರರಿಯದ ಉಪಕರಣದ ಮಾತೇನು!

ಪಾಸ್‌ವರ್ಡ್ ಕೇಳದವೂ ಉಂಟು. ಅವು ‘ಅನುಮತಿ’ ಕೇಳುತ್ತವೆ. 2017ರ ಮೇ 3ರಂದು ‘ಗೂಗಲ್ ಡಾಕ್ಸ್’ ಎಂಬ ಹುಸಿಹೆಸರಿನ ಆ್ಯಪೊಂದು ಪರಿಚಿತರ ಪತ್ರದ ಮೂಲಕ ಬಂದು, ಗೂಗಲ್‌ನ ನಿಜವಾದ ಪುಟದಲ್ಲೇ ಅನುಮತಿ ಬೇಡಿತು. ಒಪ್ಪಿದವರ ಖಾತೆಯಿಂದ ಅವರ ಪರಿಚಿತರಿಗೆಲ್ಲ ಅದೇ ಪತ್ರ ಹೋಯಿತು. ಸುಮಾರು ಒಂದು ಗಂಟೆಯೊಳಗೆ ಗೂಗಲ್ ಅದನ್ನು ತಡೆಯಿತು. ಮದನನಂತೆ ಓದುಗರು ನಂಬಿದ್ದು ಕಳುಹಿಸಿದವರ ಹೆಸರನ್ನು.

ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೇರಬಯಸುವ ಕಾಗಲದ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಅಂಕಪಟ್ಟಿ, ವಲಸೆ ಪ್ರಮಾಣಪತ್ರ, ವಿದ್ಯಾರ್ಥಿವೇತನ ಇವುಗಳ ಪತ್ರವ್ಯವಹಾರ ಒಂದೇ ಪೆಟ್ಟಿಗೆಯಲ್ಲಿರುತ್ತದೆ. ಇತರ ಖಾತೆಗಳ ಮರೆತ ಪಾಸ್‌ವರ್ಡನ್ನು ಬದಲಿಸುವ ಕೊಂಡಿಯೂ ಅಲ್ಲಿಗೇ ಬರುತ್ತದೆ. ಆ ಪೆಟ್ಟಿಗೆ ತೆರೆದವನಿಗೆ ಉಳಿದ ಬಾಗಿಲುಗಳೂ ತೆರೆಯುತ್ತವೆ.

ಈಗಾಗಲೇ ಇಂತಹ ಉಪಕರಣವನ್ನು ಬಳಸಿದ್ದರೆ ಅಧಿಕೃತ ಪುಟಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿ, ಕೊಟ್ಟ ಅನುಮತಿಯನ್ನು ಹಿಂತೆಗೆಯಬೇಕು. ಜೊತೆಗೆ ಫಾರ್ವರ್ಡ್ ನಿಯಮಗಳನ್ನು ತಪ್ಪದೆ ನೋಡಬೇಕು. ಒಮ್ಮೆ ಒಳಬಂದವನು ಪ್ರತಿ ಪತ್ರದ ಪ್ರತಿಯೊಂದು ತನ್ನ ವಿಳಾಸಕ್ಕೆ ಹೋಗುವಂತೆ ನಿಯಮ ಬರೆದಿಟ್ಟಿದ್ದರೆ, ಪಾಸ್‌ವರ್ಡ್ ಬದಲಾದ ಮೇಲೂ ಅದು ಸದ್ದಿಲ್ಲದೆ ಕೆಲಸ ಮಾಡುತ್ತಲೇ ಇರಬಲ್ಲದು.