ಕಡಲಾಚೆಗೆ ಹೊರಡುವವರೇ, ಮೊಬೈಲಿನ ಲೆಕ್ಕ ಇಲ್ಲಿಯೇ ಮುಗಿಯಲಿ

ಸಿನ್ನರಿನಲ್ಲಿ ನಾಸಿಕ–ಪುಣೆ ಹೆದ್ದಾರಿಯ ಬದಿಯ ಉಪಾಹಾರಗೃಹಗಳಲ್ಲಿಯೂ, ಮುಸಳಗಾಂವ್ ಮತ್ತು ಮಾಳೇಗಾಂವ್ ಔದ್ಯೋಗಿಕ ವಸಾಹತುಗಳ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಕನ್ನಡಿಗ ತರುಣರಿಗೆ ಪರಸ್ಥಳವಾಸವು ಹೊಸದಲ್ಲ. ಊರಿನಿಂದ ಮುಂಬಯಿಗೆ, ಮುಂಬಯಿಯಿಂದ ಇಲ್ಲಿಗೆ ಬಂದು ನೆಲೆಸಿದವರಲ್ಲಿ ಕೆಲವರು ದುಬೈ, ಮಸ್ಕತ್, ದೋಹಾಗಳ ಹೋಟೆಲುಗಳಿಗೂ ಹೊರಟು ನಿಲ್ಲುತ್ತಾರೆ. ವೀಸಾ, ಟಿಕೇಟು, ವೈದ್ಯಕೀಯ ತಪಾಸಣೆ ಇವೆಲ್ಲಕ್ಕೂ ಪೈಸೆ ಪೈಸೆಯ ಲೆಕ್ಕವಿಡುವ ಇವರು ಕಿಸೆಯಲ್ಲಿರುವ ಮೊಬೈಲಿನ ವಿಚಾರವನ್ನು ಮಾತ್ರ ವಿಮಾನದಿಂದ ಇಳಿದ ಮೇಲೆ ನೋಡಿಕೊಂಡರಾಯಿತೆಂದು ಬಿಟ್ಟುಬಿಡುತ್ತಾರೆ. ಮೊದಲ ಸಂಬಳ ಕೈಗೆ ಬರುವ ಮುನ್ನವೇ ಅದರ ಒಂದು ಪಾಲು ಕರಗಿಹೋಗುವುದು ಈ ಉಪೇಕ್ಷೆಯಿಂದಲೇ.

ಹಿಂದಿನವರ ಕಷ್ಟ ಬೇರೆಯದಾಗಿತ್ತು. ಕೊಲ್ಲಿ ರಾಷ್ಟ್ರಗಳಿಗೆ ಹೋದ ಮಗನ ಧ್ವನಿಯು ಧ್ವನಿಮುದ್ರಿತ ಕ್ಯಾಸೆಟ್ಟಿನ ಮೂಲಕ, ಊರಿಗೆ ಬರುವ ಯಾರದೋ ಚೀಲದಲ್ಲಿ ಮನೆಗೆ ತಲುಪುತ್ತಿದ್ದ ಕಾಲವಿತ್ತು. ಆಮೇಲೆ ಐಎಸ್‌ಡಿ ಬೂತುಗಳು ಬಂದವು. ಗೋಡೆಯ ಮೇಲಿನ ಕೆಂಪು ಅಂಕಿಗಳು ಓಡುತ್ತಿದ್ದಂತೆ ಮಾತೂ ಓಡಬೇಕಾಗುತ್ತಿತ್ತು. ವಿದೇಶ ಕರೆಗಳ ಮೇಲೆ ವಿದೇಶ ಸಂಚಾರ ನಿಗಮಕ್ಕಿದ್ದ ಏಕಸ್ವಾಮ್ಯವು 2002ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ಡೇಟಾದ ದರವು ಕುಸಿಯಿತು. ದಿನಕ್ಕೆ ಒಂದೂವರೆ, ಎರಡು ಜಿಬಿ ಖರ್ಚುಮಾಡುವುದು ಈಗ ನಮಗೆ ನೀರು ಕುಡಿದಷ್ಟು ಸಹಜವಾಗಿದೆ. ಗಡಿ ದಾಟಿದ ಮೇಲೆ ನಮ್ಮನ್ನು ಕೆಡಿಸುವುದು ಈ ಅಭ್ಯಾಸವೇ.

ಕೂಪನ್ನಿನ ಊಟ, ಬಿಡಿ ಪ್ಲೇಟಿನ ಊಟ

ರೋಮಿಂಗ್ ಎಂದರೆ ನಮ್ಮ ಕಂಪೆನಿಯ ಸಿಮ್ಮು ಪರದೇಶದ ಕಂಪೆನಿಯ ಜಾಲದಲ್ಲಿ ಅತಿಥಿಯಾಗಿ ಇರುವುದು. ಆ ಕಂಪೆನಿಯು ನಮ್ಮ ಬಳಕೆಯನ್ನು ಅಳೆದು ನಮ್ಮ ಕಂಪೆನಿಗೆ ಲೆಕ್ಕ ಕಳುಹಿಸುತ್ತದೆ. ನಮ್ಮ ಕಂಪೆನಿಯು ತನ್ನ ಪಾಲನ್ನು ಸೇರಿಸಿ ನಮ್ಮಿಂದ ವಸೂಲು ಮಾಡುತ್ತದೆ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಮುಂಗಡ ಖರೀದಿಸಿದ ರೋಮಿಂಗ್ ಪ್ಯಾಕು ತಿಂಗಳ ಊಟದ ಕೂಪನ್ನು. ಪ್ಯಾಕಿಲ್ಲದ ರೋಮಿಂಗು ಬೆಲೆಪಟ್ಟಿಯನ್ನು ನೋಡದೆ ಬಿಡಿ ಪ್ಲೇಟಿನಲ್ಲಿ ಉಂಡ ಊಟ. ಎಂಬಿಯೊಂದಕ್ಕೆ ಹತ್ತೇ ರೂಪಾಯಿ ಎಂದು ಹಿಡಿದುಕೊಳ್ಳೋಣ. ಒಂದು ಜಿಬಿ ಎಂದರೆ 1,024 ಎಂಬಿ. ಬಿಲ್ಲು 10,240 ರೂಪಾಯಿ ಆಯಿತು. ಊರಿನಲ್ಲಿ ಒಂದು ಸಂಜೆ ಸಿನೆಮಾ ನೋಡಿ ಮುಗಿಸುವಷ್ಟು ಡೇಟಾ ಅದು!

ಐರೋಪ್ಯ ಒಕ್ಕೂಟವು 2017ರ ಜೂನ್ 15ರಿಂದ ತನ್ನ ರಾಷ್ಟ್ರಗಳೊಳಗೆ ಈ ಹೆಚ್ಚುವರಿ ಶುಲ್ಕವನ್ನು ತೆಗೆದುಹಾಕಿತು. ಭಾರತಕ್ಕೂ ಕೊಲ್ಲಿ ರಾಷ್ಟ್ರಗಳಿಗೂ ನಡುವೆ ಅಂಥ ಸೌಕರ್ಯವಿಲ್ಲ. ಆದುದರಿಂದ ನಮ್ಮ ಜಾಗ್ರತೆ ನಮಗೇ ಇರಬೇಕು.

ಮುಂಬಯಿಯಲ್ಲಿ ವಿಮಾನ ಹತ್ತುವ ಮುನ್ನ ಸೆಟ್ಟಿಂಗಿನಲ್ಲಿ "ಡೇಟಾ ರೋಮಿಂಗ್" ಎಂಬುದನ್ನು ಆರಿಸಿಡಿರಿ. ವಾಟ್ಸಾಪಿನಲ್ಲಿ ಚಿತ್ರ, ವೀಡಿಯೋಗಳು ತಾವಾಗಿ ಇಳಿದುಕೊಳ್ಳದಂತೆಯೂ, ಫೋಟೋಗಳ ಪ್ರತಿ ತಾನಾಗಿ ಮೇಲೇರದಂತೆಯೂ ಮಾಡಿರಿ. ನಾವು ನಿದ್ದೆಯಲ್ಲಿದ್ದಾಗಲೂ ಡೇಟಾ ತಿನ್ನುವವು ಇವೇ. ಹಡಗಿನ ಅಡಿಗೆಮನೆಗೆ ಕೆಲಸಕ್ಕೆ ಹೋಗುವವರಿಗೆ ವಿಶೇಷ ಎಚ್ಚರಿಕೆ: ನಡುಗಡಲಿನಲ್ಲಿ ಹಡಗಿನೊಳಗೆ ದೊರೆಯುವ ಸಿಗ್ನಲ್ಲು ಉಪಗ್ರಹದ ಮೂಲಕ ಬರುವಂಥದು. ಸಾಮಾನ್ಯ ರೋಮಿಂಗ್ ಪ್ಯಾಕುಗಳು ಅದಕ್ಕೆ ಅನ್ವಯಿಸುವುದಿಲ್ಲ, ದರವೋ ಬಹಳ ಹೆಚ್ಚು.

ಯಾರಿಗೆ ಯಾವುದು ಹಿತ?

ಕಂಪೆನಿಯ ಕೆಲಸಕ್ಕಾಗಿ ನಾಲ್ಕೈದು ದಿನ ಹೋಗಿ ಬರುವ ಗುಮಾಸ್ತರಿಗೆ ಇಲ್ಲಿಂದಲೇ ಕೊಂಡ ಸಣ್ಣ ರೋಮಿಂಗ್ ಪ್ಯಾಕು ಸಾಕು. ಆದರೆ ಪ್ಯಾಕಿನ ದೇಶಗಳ ಪಟ್ಟಿಯಲ್ಲಿ ಹೋಗುವ ದೇಶವಿದೆಯೆ, ನಡುವೆ ವಿಮಾನ ಬದಲಿಸುವ ದೇಶವಿದೆಯೆ ಎಂಬುದನ್ನು ಓದಿಕೊಳ್ಳತಕ್ಕದ್ದು. ದುಡಿಮೆಗೆಂದು ವರ್ಷಗಟ್ಟಲೆ ಹೋಗುವವರಿಗೆ ಮಾತ್ರ ಆ ದೇಶದ ಸಿಮ್ಮೇ ಅಗ್ಗ. ಪಾಸ್‌ಪೋರ್ಟನ್ನು ತೋರಿಸಿ ಅಧಿಕೃತ ಅಂಗಡಿಯಲ್ಲಿ ಅದನ್ನು ಪಡೆಯಬಹುದು. ವಿಮಾನನಿಲ್ದಾಣದ ಅಂಗಡಿಯಲ್ಲಿ ಪ್ರವಾಸಿಗರ ಪ್ಯಾಕನ್ನು ಮುಂದೆ ಮಾಡುವುದುಂಟು. ಅವಸರಪಡದೆ ಊರೊಳಗಿನ ದರವನ್ನೂ ವಿಚಾರಿಸುವುದು ಲೇಸು.

ಬೆಲೆಬಾಳುವ ಫೋನುಗಳಲ್ಲಿ ಇ-ಸಿಮ್ ಎಂಬ ಸೌಲಭ್ಯವಿದೆ. ಚೀಟಿಯ ಗಾತ್ರದ ಸಿಮ್ಮಿಲ್ಲದೆ ಇಂಟರ್‌ನೆಟ್ ಮೂಲಕವೇ ಸಂಪರ್ಕವನ್ನು ಕೊಂಡುಕೊಳ್ಳಬಹುದು. ಭಾರತದಲ್ಲಿ ವಿದೇಶೀ ಸಿಮ್ಮು ಮಾರುವವರು ದೂರಸಂಪರ್ಕ ಇಲಾಖೆಯ ಅನುಮತಿ ಪಡೆದಿರಬೇಕು. ಅನುಮತಿಯಿಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಎರಡು ವಿದೇಶೀ ಮಾರಾಟಗಾರರ ಆ್ಯಪುಗಳನ್ನು ಸರಕಾರವು ತಡೆಹಿಡಿದಿತ್ತು. ಅಗ್ಗವೆಂದು ಸಿಕ್ಕಸಿಕ್ಕಲ್ಲಿ ಕೊಳ್ಳದಿರುವುದು ಉತ್ತಮ.

ಊರಿನ ನಂಬರು ಸಾಯಬಾರದು

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ತರುಣನೊಬ್ಬನು ಕೊಲ್ಲಿಗೆ ಹೋದವನು ಅಲ್ಲಿಯ ಸಿಮ್ಮು ದೊರೆತೊಡನೆ ಊರಿನ ಸಿಮ್ಮನ್ನು ತೆಗೆದು ಪೆಟ್ಟಿಗೆಗೆ ಹಾಕಿದನು. ಕೆಲವು ತಿಂಗಳ ಮೇಲೆ ತಂಗಿಯ ಮದುವೆಗೆಂದು ಕೂಡಿಟ್ಟ ಹಣವನ್ನು ಊರಿನ ಬ್ಯಾಂಕಿನಿಂದ ತೆಗೆಯಹೋದಾಗ ಒಟಿಪಿ ಬರಲಿಲ್ಲ; ನಂಬರು ರದ್ದಾಗಿತ್ತು. ಹಣ ಖಾತೆಯಲ್ಲಿಯೇ ಇದ್ದರೂ ಲಗ್ನದ ಹೊತ್ತಿಗೆ ತಂದೆಯು ಬಡ್ಡಿಗೆ ಸಾಲ ಮಾಡಬೇಕಾಯಿತು.

ಬಳಕೆಯೇ ಇಲ್ಲದೆ 90 ದಿನ ಕಳೆದ ಪ್ರೀಪೇಯ್ಡ್ ನಂಬರನ್ನು ಕಂಪೆನಿಯು ರದ್ದುಗೊಳಿಸಬಹುದು. ಅನಂತರ ಇನ್ನೂ 90 ದಿನ ಕಳೆದರೆ ಅದು ಬೇರೊಬ್ಬರ ಪಾಲಾಗಬಹುದು. ಆದುದರಿಂದ ಎರಡು ಸಿಮ್ಮಿನ ಫೋನಿನಲ್ಲಿ ಒಂದು ಸ್ಥಾನವು ಊರಿನ ಸಿಮ್ಮಿಗೆ ಮೀಸಲಾಗಿರಲಿ. ಡೇಟಾವೆಲ್ಲ ಆ ದೇಶದ ಸಿಮ್ಮಿನಿಂದ ನಡೆಯಲಿ. ಊರಿನ ಸಿಮ್ಮಿಗೆ ಅಂತಾರಾಷ್ಟ್ರೀಯ ರೋಮಿಂಗನ್ನು ಹೊರಡುವ ಮೊದಲೇ ಚಾಲೂ ಮಾಡಿಸಿರಿ. ಇಲ್ಲವಾದರೆ ಅಲ್ಲಿ ಅದಕ್ಕೆ ಸಿಗ್ನಲ್ಲೇ ಸಿಗದು. ರೋಮಿಂಗಿನಲ್ಲಿ ಒಳಬರುವ ಸಂದೇಶಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ, ಆದರೆ ಒಳಬರುವ ಕರೆಯನ್ನು ಎತ್ತಿದರೆ ಶುಲ್ಕ ಬೀಳುತ್ತದೆಂಬುದು ನೆನಪಿರಲಿ. ಡೇಟಾ ಬೇಡದವರಿಗಾಗಿ ಬರಿಯ ಕರೆ ಮತ್ತು ಸಂದೇಶಗಳ ಪ್ಯಾಕನ್ನು ಒದಗಿಸಬೇಕೆಂದೂ, ಅದರ ಅವಧಿಯು 365 ದಿನಗಳ ತನಕ ಇರಬಹುದೆಂದೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಹೊರಡುವವರು ಇಂಥ ಪ್ಯಾಕನ್ನೇ ಕೇಳಿ ಪಡೆಯಲಿ.

ಸಂಯುಕ್ತ ಅರಬ್ ಸಂಸ್ಥಾನಗಳಿಗೆ ಹೋಗುವವರು ಅಲ್ಲಿಯ ಕಾನೂನನ್ನೂ ತಿಳಿದಿರಬೇಕು. ಅಲ್ಲಿ ವಾಟ್ಸಾಪಿನಲ್ಲಿ ಸಂದೇಶ ಕಳುಹಿಸಬಹುದು, ಕರೆಗೆ ನಿರ್ಬಂಧವಿದೆ. ಬೋಟಿಮ್ ಮುಂತಾದ ಅನುಮತಿ ಪಡೆದ ಆ್ಯಪುಗಳಿಂದಲೇ ಮನೆಗೆ ಮಾತನಾಡಬೇಕು. ಕೋಣೆಯ ಗೆಳೆಯರು ವಿಪಿಎನ್ ಹಾಕಿಕೊಡುತ್ತೇವೆಂದರೆ ಒಪ್ಪಬೇಡಿರಿ. ಅದನ್ನು ಬಳಸಿ ಕಾನೂನು ಮೀರಿದವರಿಗೆ ದಂಡವು 5 ಲಕ್ಷ ದಿರ್ಹಮಿನಿಂದ ಆರಂಭವಾಗುತ್ತದೆ. ಮಾಣಿಯೊಬ್ಬನು ಹಲವು ವರ್ಷ ದುಡಿದರೂ ತೀರದ ಮೊತ್ತವದು. ಹಾಗೆಯೇ ಬೇರೆಯವರ ಸಿಮ್ಮನ್ನು ಒಯ್ಯುವುದಾಗಲಿ, ತನ್ನ ಹೆಸರಿನ ಸಿಮ್ಮನ್ನು ಪರರಿಗೆ ಕೊಡುವುದಾಗಲಿ ಕೂಡದು. ಆ ಸಿಮ್ಮಿನಿಂದ ನಡೆದ ಮೋಸದ ವಿಚಾರಣೆಯು ಮೊದಲು ಬರುವುದು ಹೆಸರಿನ ಒಡೆಯನ ಬಳಿಗೆ.

ಧಣಿಗಳಿಗೂ ಕಚೇರಿಯ ಗುಮಾಸ್ತ ಬಂಧುಗಳಿಗೂ ಒಂದು ವಿನಂತಿ. ನಿಮ್ಮಲ್ಲಿಂದ ಮಾಣಿಯೋ ಅಡಿಗೆಯವನೋ ಪರದೇಶಕ್ಕೆ ಹೊರಟಾಗ ಹಾರೈಕೆಯೊಡನೆ ಅರ್ಧ ಗಂಟೆಯ ಹೊತ್ತನ್ನೂ ಕೊಡಿರಿ. ಅವನ ಫೋನಿನ ಸೆಟ್ಟಿಂಗನ್ನು ಸರಿಪಡಿಸಿ, ಪ್ಯಾಕಿನ ನಿಬಂಧನೆಗಳನ್ನು ಓದಿ ಹೇಳಿ, ಬ್ಯಾಂಕಿನಲ್ಲಿ ಯಾವ ನಂಬರಿದೆಯೆಂದು ನೋಡಿಕೊಡಿರಿ. ಇಂಗ್ಲಿಷ್ ನಿಬಂಧನೆ ಅರ್ಥವಾಗದೆ ತರುಣನೊಬ್ಬನ ತಿಂಗಳ ಬೆವರು ಪೋಲಾಗದಿದ್ದರೆ, ಅದಕ್ಕಿಂತ ದೊಡ್ಡ ಬೀಳ್ಕೊಡುಗೆಯ ಉಡುಗೊರೆ ಬೇರೊಂದಿಲ್ಲ.